ಉತ್ತವನ ಹೆಸರು

ಹಳೆಯ ಮನೆಯೊಂದನ್ನು ಬೀಳಗೊಡದೆ ಉಳಿಸಿಕೊಳ್ಳುವುದು ಒಳ್ಳೆಯ ಕೆಲಸವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮನೆಯನ್ನು ಉಳಿಸಿದಾಗ ನಾವು ಯಾರನ್ನು ಉಳಿಸಿದಂತಾಯಿತು? ಕುಪ್ಪಳಿಗೆ ಹೋಗಿ ಬಂದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರು ಬೆಳೆದ ಮನೆ ಇಂದು ‘ಕವಿಮನೆ’ ಎಂದು ಹೆಸರಾಗಿದೆ. ಕವಿಯ ಮನೆಯಾಗುವುದಕ್ಕೆ ಮೊದಲು ಅದು ಬೇಸಾಯಗಾರರ ಮನೆ. ಮೂರಂತಸ್ತಿನ ಆ ತೊಟ್ಟಿಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಬಲು ಮುತುವರ್ಜಿಯಿಂದ ಕಾಪಾಡಿದ್ದಾರೆ. ಅಡಿಗೆಯ ಪಾತ್ರೆಪಡಗ, ಬೇಸಾಯದ ಉಪಕರಣ, ಕವಿಯ ಮದುವೆಯ ಮಂಟಪ, ಎಲ್ಲವೂ ನೋಡುವವರಿಗಾಗಿ ಅಣಿಯಾಗಿವೆ.

ಜೊತೆಯಲ್ಲಿದ್ದ ಮೊಮ್ಮಗ ಬೇಸಾಯದ ಸಾಮಾನುಗಳ ಮುಂದೆ ನಿಂತು, “ತಾತ, ನಿಮ್ಮ ಮನೆಯಲ್ಲಿ ನೇಗಿಲು ಹಿಡಿಯುತ್ತಿದ್ದವರು ಯಾರು? ನಿಮ್ಮ ತಂದೆಯೇ?” ಎಂದು ಕೇಳಿದ.

“ಇಲ್ಲ, ನಮ್ಮ ಆಳು.”

“ಅವನ ಹೆಸರು?”

ನಾನು ಬಾಯಿ ತೆರೆದೆ, ಹೆಸರು ಬರಲಿಲ್ಲ. ಬಯಲುಸೀಮೆಯ ನಮ್ಮ ಮನೆ ಹಿಸ್ಸೆಯಾಗಿ, ಅದರ ತೊಲೆ ಕಂಬಗಳು ಗಾಡಿಯೇರಿ ಹೋಗಿ ಎಷ್ಟೋ ವರ್ಷವಾಯಿತು. ಆದರೂ ಎತ್ತುಗಳ ಹೆಸರು ನಾಲಿಗೆಯ ತುದಿಯಲ್ಲಿಯೇ ಇತ್ತು: ರಾಮ, ಕೆಂಚ. ಅವುಗಳ ಹಿಂದೆ ನಡೆದವನ ಒಡೆದ ಹಿಮ್ಮಡಿ ಕಣ್ಣ ಮುಂದೆ ಬಂತು. ಹೆಸರು ಮಾತ್ರ ಬರಲಿಲ್ಲ.

ಮುಪ್ಪಿನ ಮರೆವಿಗೆ ತಪ್ಪು ಹೊರಿಸಬಾರದು ಎನ್ನಬಹುದು. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ಅದು ನಿಜವಲ್ಲ. ಎತ್ತುಗಳನ್ನು ನಾವು ಹೆಸರು ಹಿಡಿದು ಕರೆಯುತ್ತಿದ್ದೆವು. ಅವನನ್ನು ‘ಏಯ್’ ಎಂದು ಕೂಗುತ್ತಿದ್ದೆವು. ನಾನು ಅವನನ್ನು ಮರೆತದ್ದು ಈಗಲ್ಲ, ಅವನು ನಮ್ಮ ಅಂಗಳದಲ್ಲಿ ನಿಂತಿದ್ದಾಗಲೇ.

ದೊಡ್ಡ ಮನೆ ನೂರು ವರ್ಷ ನಿಲ್ಲುತ್ತದೆ. ಗುಡಿಸಲಿಗೆ ಎರಡು ಮಳೆಗಾಲ ಹುಲ್ಲು ಹೊದಿಸದಿದ್ದರೆ ಅದು ಮಣ್ಣು ಸೇರುತ್ತದೆ. ಇದು ಮನೆಯನ್ನು ಉಳಿಸಿದವರ ತಪ್ಪಲ್ಲ. ಕಲ್ಲು ಮರಗಳು ತಾವೇ ತಾಳಿಕೊಳ್ಳುತ್ತವೆ. ಉಳಿದುದನ್ನು ಮಾತೇ ತಾಳಿಕೊಳ್ಳಬೇಕು. ಆ ಮನೆಯಲ್ಲಿಯೇ ಬೆಳೆದ ಕವಿಗೆ ಇದು ತಿಳಿದಿತ್ತು. 1967ರಲ್ಲಿ ಹೊರಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಆಳುಮಕ್ಕಳಾದ ಗುತ್ತಿ, ಐತ, ಪೀಂಚಲು ಇವರಿಗೆಲ್ಲ ಹೆಗ್ಗಡೆಗಳಿಗೆ ಸಮನಾದ ಸ್ಥಳವಿದೆ. ಗುತ್ತಿಯ ನಾಯಿ ಹುಲಿಯನಿಗೂ ಇದೆ. ಮನೆಯಲ್ಲಿ ನೋಡಸಿಗದವರು ಪುಸ್ತಕದಲ್ಲಿ ಸಿಗುತ್ತಾರೆ. ಎರಡನ್ನೂ ಕೂಡಿಸಿ ನೋಡಿದಾಗಲೇ ಆ ಮನೆಯನ್ನು ಪೂರ್ತಿ ನೋಡಿದಂತೆ.

ನಮ್ಮ ಮನೆಗಳಲ್ಲಿ ಕವಿಗಳು ಹುಟ್ಟಲಿಲ್ಲ. ಹಾಗೆಂದು ನಮ್ಮ ಋಣ ತೀರುವುದೇ? ಕೇಳಿ ತಿಳಿಯುವಷ್ಟಾದರೂ ಮಾಡಬಹುದು. ಹಿಂದಿರುಗಿದ ದಿನವೇ, ಊರಿನಲ್ಲಿ ಉಳಿದಿರುವ ಚಿಕ್ಕಮ್ಮನಿಗೆ ಫೋನು ಮಾಡಿ ಅವನ ಹೆಸರು ಕೇಳಿದೆ.

“ಯಾವ ಆಳು? ಎಷ್ಟೋ ಜನ ಇದ್ದರಲ್ಲಪ್ಪ” ಎಂದರು.

ಎತ್ತುಗಳ ಹೆಸರು ಮಾತ್ರ ಅವರಿಗೂ ನೆನಪಿತ್ತು.