ಬಸ್ಸು ನಿಲ್ಲಿಸಿ ಎಂದು ಕೇಳುವುದು ಸ್ವಾರ್ಥವೇ?



ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದಿಂದ ಐವತ್ತು ಜನ ಬಸ್ಸು ಮಾಡಿಕೊಂಡು ವೇಳಾಂಗಣಿಗೆ ಹೊರಟೆವು. ಹೊರಡುವ ಮುನ್ನ ದೇವಾಲಯದ ಅಂಗಳದಲ್ಲಿ ನಿಂತು ನಾನೊಂದು ಮಾತು ಹೇಳಿದೆ: "ಇದು ಪ್ರವಾಸವಲ್ಲ, ಯಾತ್ರೆ. ಕಷ್ಟ ಬಂದರೆ ಗೊಣಗಬೇಡಿ. ಸಹಿಸಿಕೊಂಡು ಆರೋಗ್ಯಮಾತೆಗೆ ಅರ್ಪಿಸಿ." ಎಲ್ಲರೂ ತಲೆಯಾಡಿಸಿದರು. ಒಳ್ಳೆಯ ಮಾತು ಹೇಳಿದೆನೆಂಬ ತೃಪ್ತಿ ನನಗೂ ಇತ್ತು.

ಮರುದಿನ ಬೆಳಿಗ್ಗೆ ತಂಜಾವೂರು ದಾಟುವ ಹೊತ್ತಿಗೆ ನಮ್ಮೊಡನಿದ್ದ ಮೇಷ್ಟ್ರೊಬ್ಬರು ಸೀಟಿನಲ್ಲೇ ಕುಸಿದರು. ಅವರಿಗೆ ಬಹಳ ಕಾಲದಿಂದ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವಾಗಿ ಹುಣ್ಣಾಗುವ ರೋಗವದು. ಔಷಧದಿಂದ ಹತೋಟಿಯಲ್ಲಿರುತ್ತದೆ, ಆಗಾಗ ಕೆರಳುತ್ತದೆ. ಕೆರಳಿದಾಗ ಶೌಚಕ್ಕೆ ಹೋಗಬೇಕೆಂದರೆ ಐದು ನಿಮಿಷ ತಡೆಯುವುದೂ ಕಷ್ಟ. ಹೊರಟ ದಿನವೇ ಅವರಿಗೆ ಹೊಟ್ಟೆ ಕೆಟ್ಟಿತ್ತು. ತಿಂದರೆ, ಕುಡಿದರೆ ದಾರಿಯಲ್ಲಿ ಬಸ್ಸು ನಿಲ್ಲಿಸಬೇಕಾದೀತೆಂದು ಹಿಂದಿನ ಮಧ್ಯಾಹ್ನದಿಂದ ಅನ್ನ, ನೀರು ಎರಡನ್ನೂ ಬಿಟ್ಟಿದ್ದರು. ಊಟವಾದ ಮೇಲೆ ನುಂಗುವ ಮಾತ್ರೆಯನ್ನೂ, ಊಟವಿಲ್ಲವೆಂದು, ಬಿಟ್ಟಿದ್ದರು.

ಯಾತ್ರೆಯ ದಿನಗಳನ್ನೆಲ್ಲ ಅವರು ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಡ್ರಿಪ್ ಹಾಕಿಸಿಕೊಂಡು ಕಳೆದರು. ಅಮ್ಮನವರ ದರ್ಶನ ಆಗಲೇ ಇಲ್ಲ. "ಒಂದು ಮಾತು ಹೇಳಬಾರದಿತ್ತೇ?" ಎಂದು ಕೇಳಿದೆ. "ನನ್ನೊಬ್ಬನಿಂದ ಐವತ್ತು ಜನರಿಗೆ ತೊಂದರೆ ಯಾಕೆ ಸ್ವಾಮಿ?" ಎಂದರು. ಪಕ್ಕದಲ್ಲಿ ನಿಂತಿದ್ದ ಅವರ ಮಡದಿ ಮೆಲ್ಲಗೆ ಹೇಳಿದರು: "ನೀವು ಸಹಿಸಿಕೊಳ್ಳಿ ಅಂದಿರಿ ಸ್ವಾಮಿ. ಇವರು ಸಹಿಸಿಕೊಂಡರು."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೇಷ್ಟ್ರು ಮಾಡಿದ್ದು ಪರಸ್ನೇಹವೇ? ಮೇಲುನೋಟಕ್ಕೆ ಹೌದು. ಆದರೆ ಯೋಚಿಸಿ ನೋಡಿ. ಬೇರೆ ಯಾರಾದರೂ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದರೆ ಡ್ರೈವರನಿಗೆ ಮೊದಲು ಕೂಗಿ ಹೇಳುತ್ತಿದ್ದವರು ಇದೇ ಮೇಷ್ಟ್ರು. ತಾವು ಇತರರಿಗೆ ಮಾಡುವ ಉಪಕಾರವನ್ನು ಇತರರಿಂದ ಪಡೆಯಲು ಅವರಿಗೆ ಮನಸ್ಸಿರಲಿಲ್ಲ. ಇಂಥ ಸಂಕೋಚದ ಅಡಿಯಲ್ಲಿ ಸಣ್ಣದೊಂದು ಅಭಿಮಾನ ಅವಿತಿರುತ್ತದೆ. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ಅಭಿಮಾನಕ್ಕೆ ಭಕ್ತಿಯ ಹೆಸರು ಕೊಟ್ಟವನು ನಾನು.

ಸೆಮಿನರಿಯಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದಿದ್ದೆ. ದೇಹ ಉಳಿಯಲು ಬೇಕಾದಷ್ಟು ಆಹಾರವನ್ನೂ ಕಿತ್ತುಕೊಳ್ಳುವ ಉಪವಾಸ ವಿವೇಕದ್ದಲ್ಲವೆಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದದ್ದು ಬಸ್ಸಿನ ಬಳಿ ನೆನಪಾಗಲಿಲ್ಲ! ಸಂತ ಇಗ್ನಾಸಿಯವರು 1522ರಲ್ಲಿ ಮನ್ರೇಸದಲ್ಲಿ ಕಠಿಣ ಉಪವಾಸಗಳಿಂದ ತಮ್ಮ ಆರೋಗ್ಯ ಕೆಡಿಸಿಕೊಂಡರು. ಅದೇ ಇಗ್ನಾಸಿಯವರು 1548ರಲ್ಲಿ ಫ್ರಾನ್ಸಿಸ್ ಬೋರ್ಜಿಯಾರಿಗೆ ಪತ್ರ ಬರೆದು, ಉಪವಾಸ ಕಡಿಮೆಮಾಡಿ ಹೊಟ್ಟೆಯನ್ನು ಕಾಪಾಡಿಕೊಳ್ಳಬೇಕೆಂದು ಬುದ್ಧಿ ಹೇಳಿದರು.

"ಬಡಿಸಿದ್ದನ್ನು ಉಣ್ಣಬೇಕೆಂದು ಪ್ರಭುವೇ ಹೇಳಿದ್ದಾರಲ್ಲ ಸ್ವಾಮಿ" ಎಂದು ನೀವು ಕೇಳಬಹುದು. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಆ ಮಾತಿದೆ. ಆದರೆ ಮನೆಯಿಂದ ಮನೆಗೆ ಹೋಗಬೇಡಿ ಎಂಬ ಮಾತೂ ಅದರ ಜೊತೆಯಲ್ಲೇ ಇದೆ. ರುಚಿಯಾದ ಊಟ ಹುಡುಕಿಕೊಂಡು ಅಲೆಯುವವರಿಗೆ ಹಾಕಿದ ಕಡಿವಾಣ ಅದು, ರೋಗಿಗೆ ಹಾಕಿದ್ದಲ್ಲ. ಪೌಲರೊಡನೆ ಊರೂರು ಸುತ್ತಿದ ತಿಮೊಥೇಯನಿಗೆ ಹೊಟ್ಟೆಯ ತೊಂದರೆಯಿತ್ತು. ಅವನಿಗೆ ಪೌಲರು ಕೊಟ್ಟ ಸಲಹೆ ಸಹಿಸಿಕೋ ಎಂದಲ್ಲ. ಬರೀ ನೀರು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು. (ಈ ವಾಕ್ಯವನ್ನು ಬೇರೆ ಉದ್ದೇಶಕ್ಕೆ ಬಾಯಿಪಾಠ ಮಾಡಿಕೊಂಡವರು ನಮ್ಮಲ್ಲಿದ್ದಾರೆ, ಅವರ ವಿಷಯ ಇನ್ನೊಮ್ಮೆ ನೋಡೋಣ.)

ಧರ್ಮಸಭೆಯ ಕಾನೂನೂ ಇದೇ ಮನಸ್ಸಿನದು. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವಿದ್ದರೂ ನೀರು, ಔಷಧಗಳಿಂದ ಅದು ಮುರಿಯುವುದಿಲ್ಲ. ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಊಟದ ನಿರ್ಬಂಧವೂ ಇಲ್ಲ. ಬೆಳಗಿನ ಬಲಿಪೂಜೆಗೆಂದು ಮಾತ್ರೆ ಬಿಡುವವರು ದಯವಿಟ್ಟು ಗಮನಿಸಿ.

ಇನ್ನೊಂದು ಬದಿಯೂ ಉಂಟು. ತಮ್ಮ ಪಥ್ಯದ ಸುತ್ತ ಇಡೀ ಮನೆಯನ್ನು ಕುಣಿಸುವವರನ್ನೂ ಕಂಡಿದ್ದೇನೆ. ನೆಂಟರ ಮನೆಗೆ ಹೋಗುವುದಾದರೆ ಎರಡು ದಿನ ಮೊದಲೇ ತಿಳಿಸಿ, "ನನಗೆ ಖಾರವಿಲ್ಲದ ಮೆತ್ತನೆ ಅನ್ನ, ಮೊಸರು ಸಾಕು" ಎನ್ನಿ. ಎಲೆ ಹಾಕಿದ ಮೇಲೆ ಮುಖ ಸಿಂಡರಿಸಿದರೆ ಬಡಿಸಿದವರಿಗೆ ನೋವಾಗುತ್ತದೆ. ಆ ಮೊಸರೂ ಎಲ್ಲರಿಗೂ ಒಗ್ಗುವುದಿಲ್ಲ. ಈ ರೋಗಕ್ಕೆ ಎಲ್ಲರಿಗೂ ಹೊಂದುವ ಒಂದೇ ಪಥ್ಯವೆಂಬುದಿಲ್ಲ, ಯಾವುದು ಆಗುತ್ತದೆಂದು ಅವರವರೇ ಕಂಡುಕೊಳ್ಳಬೇಕು. ಹಾಗೆಯೇ ಪಕ್ಕದ ಸೀಟಿನವರು ಪ್ರೀತಿಯಿಂದ ಕೊಡುವ ಕಷಾಯ, ನೋವಿನ ಮಾತ್ರೆಗಳಿಗೆ ಕೈಮುಗಿದು ಬೇಡವೆನ್ನುವುದು ತಪ್ಪಲ್ಲ. ಕೆಲವು ನೋವಿನ ಮಾತ್ರೆಗಳಿಂದ ಕರುಳಿನ ಹುಣ್ಣು ಕೆರಳುವುದುಂಟು. ರಕ್ತ, ಜ್ವರ, ವಿಪರೀತ ನೋವು ಕಂಡರೆ ಯಾತ್ರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಮಾರನೆಯ ವರ್ಷ ಮೇಷ್ಟ್ರು ಮತ್ತೆ ಬಂದರು. ಬಾಗಿಲ ಹತ್ತಿರದ ಸೀಟು ಅವರಿಗೆ. ಮಾತ್ರೆಗಳು ಬಸ್ಸಿನ ಮೇಲಿನ ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿ. ಮಡದಿಯ ಮಡಿಲಲ್ಲಿ ಗಂಜಿಯ ಫ್ಲಾಸ್ಕು. ಒಂದು ಲೀಟರ್ ಕಾದಾರಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಬಾಟಲಿ. ಈ ಸಲ ಅಂಗಳದಲ್ಲಿ ನಾನು ಹೇಳಿದ್ದು ಇಷ್ಟೇ: "ಯಾರಿಗೆ ಬೇಕಾದರೂ ಬಸ್ಸು ನಿಲ್ಲುತ್ತದೆ. ಕಾರಣ ಕೇಳುವುದಿಲ್ಲ."

ರಾತ್ರಿ ಹನ್ನೊಂದರ ಸುಮಾರಿಗೆ ಮೇಷ್ಟ್ರು ಕೈಯೆತ್ತಿದರು. ಬಸ್ಸು ನಿಂತಿತು. ಅವರು ಇಳಿಯುವ ಮೊದಲೇ ಹಿಂದಿನ ಸೀಟುಗಳಿಂದ ಸಕ್ಕರೆ ಕಾಯಿಲೆಯ ಮೂವರು ಅಜ್ಜಿಯರು ಸೆರಗು ಸರಿಮಾಡಿಕೊಳ್ಳುತ್ತ, "ದಾರಿ ಬಿಡಪ್ಪಾ ಮೇಷ್ಟ್ರೇ" ಎಂದು ಅವರನ್ನು ದಾಟಿಕೊಂಡು ಇಳಿದರು.