ಫೋನು ಯಾರ ಕೈಯಲ್ಲಿದೆ?

ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾದ ಮೇಲೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಸುತ್ತಿನ ಹಳ್ಳಿಗಳವರು ಮನೋವೈದ್ಯರನ್ನು ಕಾಣಲು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ರೂಢಿಯಾಗಿತ್ತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್, ಬಸ್ಸು ನಿಂತವು. ದೂರದಿಂದಲೇ ಚಿಕಿತ್ಸೆ ಕೊಡಬಹುದೆಂಬ ಕೇಂದ್ರದ ಮಾರ್ಗಸೂಚಿಯೂ ಅದೇ ದಿನ ಬಂತು. ಆದರೆ ಹಲವು ಔಷಧಿಗಳನ್ನು ಮೊದಲ ಸಲ ಬರೆದುಕೊಡಲು ವಿಡಿಯೊ ಕರೆಯೇ ಬೇಕಿತ್ತು. ಮನೆಗೆಲ್ಲ ಇದ್ದದ್ದೊಂದೇ ಫೋನು, ಅದೂ ಗುಂಡಿಯದು, ಇಟ್ಟುಕೊಂಡವನು ಯಜಮಾನ.

‘ನಿದ್ದಿ ಬರ್ತದೇನವ್ವ?’ ಎಂದು ಈ ಕಡೆಯಿಂದ ಕೇಳಿದರೆ ಆ ಕಡೆಯಿಂದ ಗಂಡಸಿನ ದನಿ: ‘ಎಲ್ಲಾ ಛಲೋ ಅದರಿ. ಗುಳಗಿ ಅಷ್ಟ ಹೇಳ್ರಿ.’

ನನಗೆ ಪರಿಚಯದ ಆಪ್ತಸಮಾಲೋಚಕಿಯೊಬ್ಬರು ಆ ದಿನಗಳಲ್ಲಿ ಪ್ರಶ್ನೆಗಳನ್ನೇ ಬದಲಿಸಿಕೊಂಡರು. ಮೊದಲು, ‘ಹತ್ರ ಯಾರ ಅದಾರ?’ ಯಾರಾದರೂ ಇದ್ದರೆ ಮುಂದಿನದಕ್ಕೆಲ್ಲ ಹೂಂ, ಉಹೂಂ ಸಾಕಾಗುವಂತೆ ಕೇಳುತ್ತಿದ್ದರು. ಆಮೇಲೆ, ‘ಇವತ್ತ ರೊಟ್ಟಿ ಯಾರು ಬಡಿದ್ರು?’ ಜೋಳದ ಹಿಟ್ಟಿಗೆ ಅಂಟು ಕಡಿಮೆ. ಎಸರಿನ ಹದ ತಪ್ಪಿದರೂ ಕೈ ನಡುಗಿದರೂ ಅಂಚು ಸೀಳುತ್ತದೆ. ‘ಹರೀಲಾಕತ್ಯಾವರಿ’ ಎಂದು ಆ ಹೆಣ್ಣುಮಗಳು ಹೇಳಿದರೆ, ಕೈನಡುಕ ಗುಳಿಗೆಯದಿರಬಹುದು ಎಂದು ವೈದ್ಯರ ಕಿವಿಗೆ ಹಾಕುತ್ತಿದ್ದರು. ‘ಅತ್ತೀನ ಮಾಡ್ಯಾರ’ ಎಂದರೆ ಹಾಸಿಗೆ ಬಿಟ್ಟೆದ್ದಿಲ್ಲವೇನೋ ಎಂಬ ಅನುಮಾನ. ಪುಸ್ತಕದ ಪ್ರಶ್ನಾವಳಿಗಿಂತ ಇದು ಒರಟು, ನಿಜ. ಆದರೆ ಪಕ್ಕದಲ್ಲಿ ಕೂತು ಕೇಳುವ ಗಂಡನಿಗೆ ಇದರಲ್ಲಿ ರೋಗದ ವಾಸನೆ ಹತ್ತುವುದಿಲ್ಲ.

ಮುಂಬೈ, ಪುಣೆಗೆ ಗುಳೆ ಹೋದವರು ಮೇ ತಿಂಗಳಲ್ಲಿ ಯಾದಗಿರಿಗೆ ಮರಳಿ ಶಾಲೆ, ಹಾಸ್ಟೆಲುಗಳ ಕ್ವಾರಂಟೈನಿನಲ್ಲಿ ಕೂತಾಗ ಕೇಳಬೇಕಾದದ್ದು ಬೇರೆ: ಕೂಲಿ ಬಂತೋ, ಊರವರು ಒಳಗೆ ಬಿಟ್ಟುಕೊಳ್ಳುತ್ತಾರೋ. ಇದನ್ನು ಬಿಟ್ಟು ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಏನು ಬಂತು?

ನಾವೆಲ್ಲ ಫೋನನ್ನೇ ದೊಡ್ಡ ಬದಲಾವಣೆ ಎಂದುಕೊಂಡೆವು. ಆದರೆ ಮಂಗಳವಾರದ ಸಾಲಿನಲ್ಲೂ ರೋಗಿಯ ಪರವಾಗಿ ಮನೆಯವರೇ ಮಾತಾಡುತ್ತಿದ್ದರು. ಮುಖ ಎದುರಿಗಿತ್ತು, ಅದಕ್ಕೇ ನಮಗದು ಕೊರತೆ ಅನಿಸಿರಲಿಲ್ಲ. ಲಾಕ್‌ಡೌನಿನಲ್ಲಿ ಕೆಲವು ಹೆಂಗಸರಂತೂ ಕಟ್ಟಿಗೆ ತರುವ ನೆಪದಲ್ಲಿ ಫೋನು ಹಿಡಿದು ಹೊಲದ ಕಡೆ ಹೋಗಿ, ಆಸ್ಪತ್ರೆಯಲ್ಲಿ ಎಂದೂ ಆಡದ ಮಾತು ಆಡಿದರು. 2022ರ ಅಕ್ಟೋಬರಿನಿಂದ 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇನ್ನು ಆಸ್ಪತ್ರೆಯ ಮಂಗಳವಾರಗಳಲ್ಲಿ ಜೊತೆಗೆ ಬಂದವರನ್ನು ಐದು ನಿಮಿಷ ಹೊರಗೆ ಕೂರಿಸುವುದಕ್ಕೆ ಯಾವ ಮಾರ್ಗಸೂಚಿಯೂ ಬೇಕಿಲ್ಲ.