ಉಪಚಾರ ಯಾರಿಗಾಗಿ?

ಮಳೆಗಾಲ ಹಿಂದೆ ಸರಿದು, ನವರಾತ್ರಿಯ ಗರಬಾದ ಸದ್ದಡಗಿ, ದೀಪಾವಳಿಯ ಸಿದ್ಧತೆ ಆರಂಭವಾಗುವ ಹೊತ್ತಿಗೆ ಗುಜರಾತಿನ ಕಡಲ ತಡಿಗೂ ಕೆರೆಗಳಿಗೂ ದೂರದ ಅತಿಥಿಗಳು ಬಂದಿಳಿಯತೊಡಗುತ್ತವೆ. ಸೂರತ್ತಿನ ತಾಪಿ ನದಿಯ ಮೇಲೆ ಬಿಳಿಯ ಕಡಲಹಕ್ಕಿಗಳು, ವಡೋದರದ ಬಳಿ ಡಭೋಯಿ ತಾಲ್ಲೂಕಿನ ವಢವಾಣಾ ಕೆರೆಯಲ್ಲಿ ಬಾತುಗಳು, ಅಹಮದಾಬಾದಿನಿಂದ ಸುಮಾರು 60 ಕಿ.ಮೀ. ದೂರದ ನಳ ಸರೋವರದಲ್ಲಿ ರಾಜಹಂಸಗಳು. ಶನಿವಾರ, ಭಾನುವಾರಗಳಂದು ದುರ್ಬೀನು ಹಿಡಿದು ಹೊರಡುವವರ ಸಂಖ್ಯೆಯೂ ಹೆಚ್ಚುತ್ತಿದೆ. ಈ ಮೂರು ಊರುಗಳ ನಮ್ಮ ಕನ್ನಡ ಕುಟುಂಬಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಚಿತ್ರಾನ್ನ, ಮೊಸರನ್ನಗಳ ಡಬ್ಬಿ ಕಟ್ಟಿಕೊಂಡು, ನಸುಕಿನಲ್ಲೇ ಮಕ್ಕಳನ್ನೆಬ್ಬಿಸಿ ಹೊರಡುವ ಈ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಇಂಥ ಪ್ರವಾಸಗಳಲ್ಲಿ ನಾವೆಲ್ಲ ಮಾಡುವ, ಮಾಡುವುದನ್ನು ನೋಡುವ ಒಂದು ಕೆಲಸ ನಮ್ಮನ್ನು ಯೋಚನೆಗೆ ಹಚ್ಚಿದೆ. ಅದು ಹಕ್ಕಿಗಳಿಗೆ ಗಾಂಠಿಯಾ ಎಸೆಯುವುದು.

ತಾಪಿಯ ದಡದಲ್ಲಿ ಬೆಳಗಿನ ಹೊತ್ತು ನಿಂತವರಿಗೆ ಇದು ಪರಿಚಿತ ನೋಟ. ಪೊಟ್ಟಣ ಬಿಚ್ಚಿ ಕೈಯೆತ್ತುವುದೇ ತಡ, ನೂರಾರು ಹಕ್ಕಿಗಳು ಕೂಗುತ್ತ ಮೇಲೇಳುತ್ತವೆ, ಎಸೆದ ತುಣುಕನ್ನು ಗಾಳಿಯಲ್ಲೇ ಹಿಡಿಯುತ್ತವೆ. ನಳ ಸರೋವರದ ದೋಣಿಗಳಲ್ಲಿ, ಜಾಮನಗರದ ಲಾಖೋಟಾ ಕೆರೆಯ ದಂಡೆಯಲ್ಲಿ ಕಾಣುವುದೂ ಇದೇ. ಎಸೆಯುವವರು ಕೆಟ್ಟವರಲ್ಲ. ಜೀವದಯೆ ಈ ನೆಲದ ದೊಡ್ಡ ಗುಣ. ಹಳೆಯ ಅಹಮದಾಬಾದಿನ ಪೋಳುಗಳಲ್ಲಿ ಹಕ್ಕಿಗಳಿಗೆ ಕಾಳಿಡಲೆಂದೇ ಕಟ್ಟಿದ ಚಬೂತರೋಗಳನ್ನೂ, ಮುದಿ ದನಗಳನ್ನು ಸಾಕುವ ಪಾಂಜರಾಪೋಳಗಳನ್ನೂ ಕಂಡು ಹೊರಗಿನಿಂದ ಬಂದ ನಾವು ತಲೆಬಾಗಿದ್ದೇವೆ. (ಉತ್ತರಾಯಣದಂದು ಅದೇ ಮಾಳಿಗೆಗಳಿಂದ ಗಾಜಿನ ಪುಡಿ ಸವರಿದ ದಾರ ಹಕ್ಕಿಗಳ ರೆಕ್ಕೆ ಕೊಯ್ಯುತ್ತದೆ, ಮರುಗಳಿಗೆಯಲ್ಲಿ ಅದೇ ಜನ ಗಾಯಗೊಂಡ ಹಕ್ಕಿಯನ್ನೆತ್ತಿಕೊಂಡು ಚಿಕಿತ್ಸೆಗೆ ಓಡುತ್ತಾರೆ. ಮನುಷ್ಯನ ದಯೆಗೆ ಇಂಥ ವಿಚಿತ್ರ ಮುಖಗಳೂ ಉಂಟು.) ದಯೆ ಇದೆಯೇ ಎಂದು ನಾವು ಕೇಳುತ್ತಿಲ್ಲ. ಯಾರಿಗೆ ದಯೆ ತೋರುತ್ತೇವೆಯೋ ಅವರನ್ನು ಅರಿಯದ ದಯೆಗೆ ಬೆಲೆ ಏನು ಎಂಬುದು ನಮ್ಮ ಪ್ರಶ್ನೆ.

ಈ ಕಡಲಹಕ್ಕಿ ಯಾರು? ಇಲ್ಲಿಗೆ ಬರುವವುಗಳಲ್ಲಿ ಕಂದುತಲೆಯದು ಲಡಾಖ್, ಟಿಬೆಟ್ ಮೊದಲಾದ ಎತ್ತರದ ನಾಡುಗಳ ಸರೋವರಗಳ ಬಳಿ ಗೂಡು ಕಟ್ಟಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಕೆಳಗಿಳಿದು ಬರುತ್ತದೆ. ಮೀನು, ಹುಳು, ಕೀಟ ಅದರ ಆಹಾರ. ಗಾಂಠಿಯಾ ಎಂದರೆ ಕಡಲೆಹಿಟ್ಟು, ಎಣ್ಣೆ, ಉಪ್ಪು, ಸೋಡಾ. ಉಪ್ಪಿನ ಮಾತನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಕಡಲಹಕ್ಕಿಯ ಕಣ್ಣಿನ ಮೇಲ್ಗಡೆ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಯೇ ಇದೆ. ಆದರೆ ಕರಿದ ಹಿಟ್ಟಿನಿಂದ ಹೊಟ್ಟೆ ತುಂಬಬಹುದೇ ಹೊರತು, ಮೀನು ಕೊಡುವ ಪುಷ್ಟಿ ಅದರಿಂದ ಬಾರದು. ವಸಂತದಲ್ಲಿ ಮತ್ತೆ ಹಿಮಾಲಯದಾಚೆಗೆ ಹಾರಬೇಕಾದ ಮೈ ಅದು. ಜೊತೆಗೆ, ಬೀಳುವ ತುಣುಕಿಗಾಗಿ ಒಂದೇ ಕಡೆ ಮುತ್ತುವ ಹಕ್ಕಿಗಳಲ್ಲಿ ರೋಗ ಹರಡುವುದು ಸುಲಭ. ದಡದಲ್ಲಿ ಉಳಿಯುವ ಪ್ಲಾಸ್ಟಿಕ್ ಪೊಟ್ಟಣಗಳ ಮಾತು ಬೇರೆಯೇ ಇದೆ.

ಭಾವ ಶುದ್ಧವಾಗಿದ್ದರೆ ಸಾಲದೇ ಎಂದು ಹಿರಿಯರೊಬ್ಬರು ಕೇಳಬಹುದು. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಫಲವನ್ನಷ್ಟೇ ನೋಡಿ ದಾನವನ್ನು ಅಳೆಯುವುದಾದರೆ ಅದು ವ್ಯಾಪಾರವಾಗುತ್ತದೆ. ಆದರೆ ಗೀತೆಯ ಹದಿನೇಳನೆಯ ಅಧ್ಯಾಯ ಸಾತ್ತ್ವಿಕ ದಾನವನ್ನು ಹೇಳುವಾಗ ಭಾವವೊಂದನ್ನೇ ಹೇಳಿ ನಿಲ್ಲಿಸುವುದಿಲ್ಲ. ದೇಶ, ಕಾಲ, ಪಾತ್ರ ಎಂಬ ಮೂರನ್ನೂ ಸೇರಿಸುತ್ತದೆ. ಪಾತ್ರವೆಂದರೆ ಪಡೆಯುವವನ ಯೋಗ್ಯತೆಯ ಪರೀಕ್ಷೆಯೆಂದು ವಾಡಿಕೆಯಾಗಿ ಅರ್ಥ ಮಾಡುತ್ತಾರೆ. ನಮಗೆ ಅದರಲ್ಲಿ ಕೊಡುವವನ ಪರೀಕ್ಷೆಯೇ ಹೆಚ್ಚಾಗಿ ಕಾಣುತ್ತದೆ. ಎದುರಿಗಿರುವವರಿಗೆ ಏನು ಬೇಕೆಂದು ತಿಳಿಯುವ ಶ್ರಮವನ್ನು ಅವನು ಪಟ್ಟಿದ್ದಾನೆಯೇ?

ವಢವಾಣಾ ಕೆರೆಯನ್ನೇ ನೋಡಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿ ಹೊಲಗಳ ನೀರಾವರಿಗೆಂದು ಆದ ಕೆರೆ ಅದು. ಹಕ್ಕಿಗಳಿಗಾಗಿ ಕಟ್ಟಿದ್ದಲ್ಲ. ಆದರೂ ಅವುಗಳಿಗೆ ಬೇಕಾದದ್ದು ಅಲ್ಲಿ ಸಿಕ್ಕಿತು: ಆಳವಿಲ್ಲದ ನೀರು, ನೀರೊಳಗಿನ ಸಸ್ಯ, ಮೀನು, ಕೆಸರು. 2021ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಳ ಸರೋವರ 2012ರಲ್ಲೇ ಸೇರಿತ್ತು. ಹಕ್ಕಿಯ ನೆನಪೇ ಇಲ್ಲದೆ ಕಟ್ಟಿದ ಕೆರೆ ಹಕ್ಕಿಯನ್ನು ಪೊರೆಯುತ್ತಿದೆ. ಹಕ್ಕಿಗೆಂದೇ ಕೊಂಡ ಪೊಟ್ಟಣ ಅದನ್ನು ಕೆಡಿಸುತ್ತಿದೆ. ಶುದ್ಧಭಾವದ ವಾದಕ್ಕೆ ಇದು ಸಣ್ಣ ತೊಡಕಲ್ಲ.

ಹಾಗೆಂದು ಅರಿತು ಮಾಡುವ ದಯೆ ಇಲ್ಲವೇ ಇಲ್ಲವೆಂದಲ್ಲ. ಅದನ್ನು ಕಾಣಲು ನಮ್ಮ ನಾಡಿಗೇ ಹೋಗಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲದ ಮರಗಳ ಮೇಲೆ, ಮನೆಗಳ ಹೆಂಚಿಗೆ ತಾಗುವಷ್ಟು ಹತ್ತಿರದಲ್ಲಿ ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಈ ಹೆಣ್ಣುಮಕ್ಕಳಿಗೆ ಆ ಊರವರು ಮಾಡುವ ಉಪಚಾರವಾದರೂ ಏನು? ಚಕ್ಕುಲಿ, ಕೋಡುಬಳೆ ಎಸೆಯುವುದಿಲ್ಲ. ಮರ ಕಡಿಯುವುದಿಲ್ಲ, ಗೂಡಿರುವ ಮರದ ಹುಣಸೆಯನ್ನು ಬಡಿಯುವುದಿಲ್ಲ. ಹುಣಸೆಯೆಂದರೆ ಹಳ್ಳಿಯಲ್ಲಿ ಕೈಗೆ ಬರುವ ಕಾಸು, ಅದು ಹೋಗುತ್ತದೆ. ಮೀನಿನ ವಾಸನೆ, ಹಿಕ್ಕೆ, ದಿನವಿಡೀ ಮರಿಗಳ ಗಲಾಟೆ, ಎಲ್ಲವನ್ನೂ ಸಹಿಸುತ್ತಾರೆ. ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ ಎಂಬುದೂ ನಿಜ. ಕೊಟ್ಟವರಿಗೂ ಒಂದಿಷ್ಟು ಸಿಕ್ಕಿದರೆ ಪುಣ್ಯ ಕಡಿಮೆಯಾಗುತ್ತದೆಂದು ನಾವು ನಂಬುವುದಿಲ್ಲ. ಹಕ್ಕಿಗಳು ಸುತ್ತಲಿನ ಕೆರೆಗಳಿಗೆ ಹೋಗಿ ತಮ್ಮ ಮೀನನ್ನು ತಾವೇ ಹಿಡಿದು ತರುತ್ತವೆ. ರಾಜಸ್ಥಾನದ ಖೀಚನ್ ಗ್ರಾಮದವರು ಚಳಿಗಾಲದ ಕೊಕ್ಕರೆಗಳಾದ ಕುರ್ಜಾಗಳಿಗೆ ಕಾಳು ಹಾಕುತ್ತಾರೆ, ಅದೂ ಸರಿಯೇ, ಏಕೆಂದರೆ ಕಾಳು ಅವುಗಳ ಸಹಜ ಆಹಾರವೇ.

ಏನನ್ನೂ ಎಸೆಯದೆ ಬರಿದೇ ನೋಡುವವರು ನಿರ್ದೋಷಿಗಳೇ? ಅದೂ ಅಷ್ಟು ನೇರವಲ್ಲ. ಸೂರತ್ತಿನ ಮುಂದಿರುವ ಖಂಭಾತ್ ಕೊಲ್ಲಿಯ ಉಬ್ಬರವಿಳಿತ ಭಾರತದಲ್ಲೇ ಅತಿ ದೊಡ್ಡದು. ಇಳಿತದಲ್ಲಿ ನೀರು ಬಹುದೂರ ಹಿಂದೆ ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಉದ್ದ ಕೊಕ್ಕಿನವು ಆಳದ ಹುಳುವನ್ನೂ, ಗಿಡ್ಡ ಕೊಕ್ಕಿನವು ಮೇಲಿನದನ್ನೂ ಹೆಕ್ಕುವುದು ಆಗಲೇ. ಉಬ್ಬರ ಮರಳಿದರೆ ಊಟದ ಹೊತ್ತು ಮುಗಿಯಿತು. ಆ ಕೆಲವೇ ಗಂಟೆಗಳಲ್ಲಿ ನಾವು ಫೋಟೋಕ್ಕಾಗಿ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸಿದೆವೆನ್ನಿ. ಹಾರಾಟದ ನೋಟ ನಮಗೆ ಅರ್ಧ ನಿಮಿಷದ ಆನಂದ, ಅವುಗಳಿಗೆ ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ. ಎಲೆಯ ಮುಂದಿನಿಂದ ಅತಿಥಿಯನ್ನು ಎಬ್ಬಿಸುವುದು ನಮ್ಮಲ್ಲಿ ಎಂಥ ಅಪಚಾರವೆಂದು ಯಾರಿಗೂ ಹೇಳಬೇಕಾಗಿಲ್ಲ.

ಅತಿಥಿಯಾಗಿರುವುದೆಂದರೇನೆಂದು ನಮಗೆ ಗೊತ್ತು. ಹೊಸದಾಗಿ ಇಲ್ಲಿಗೆ ಬಂದಾಗ ನೆರೆಮನೆಯ ಬಾ ಪ್ರೀತಿಯಿಂದ ಬಡಿಸಿದ ಸಿಹಿ ದಾಳ್ ನಮ್ಮ ಸಾರಿನ ನಾಲಿಗೆಗೆ ಒಗ್ಗಿರಲಿಲ್ಲ. ಕ್ರಮೇಣ ಅವರು ನಮ್ಮ ರುಚಿ ಕೇಳಿ ತಿಳಿದರು, ನಾವೂ ಅವರ ದಾಳ್‌ಗೆ ಒಗ್ಗಿಕೊಂಡೆವು. ಇದು ಸಾಧ್ಯವಾದದ್ದು ನಮಗೆ “ಸಾಕು” ಎನ್ನಲು ಬರುತ್ತಿದ್ದುದರಿಂದ, ಅವರಿಗೆ ಕೇಳುವ ಮನಸ್ಸಿದ್ದುದರಿಂದ. ಹಕ್ಕಿ ಸಾಕೆನ್ನುವುದಿಲ್ಲ. ಎಸೆದಷ್ಟನ್ನೂ ತಿನ್ನುತ್ತದೆ, ನಾವು ಅದನ್ನೇ ಒಪ್ಪಿಗೆಯೆಂದು ತಿಳಿಯುತ್ತೇವೆ. ಕೇಳಿ ತಿಳಿಯಲಾಗದ ಕಡೆ ಅರಿತು ತಿಳಿಯುವ ಹೊಣೆ ಹೆಚ್ಚಾಗಬೇಕಲ್ಲವೇ?

ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಸ್ವಲ್ಪ ಸಂಕಟ. ಪುಟ್ಟ ಕೈಯಿಂದ ಹಕ್ಕಿ ತುಣುಕನ್ನು ಕಸಿದೊಯ್ದಾಗ ಆ ಮುಖದಲ್ಲಿ ಅರಳುವ ಬೆರಗು ಸುಳ್ಳಲ್ಲ. ಬೇಡವೆಂದು ಗದರಿಸಿ ಕೂರಿಸಿದರೆ ಮಗುವಿಗೆ ಹಕ್ಕಿಯ ಮೇಲಲ್ಲ, ನಮ್ಮ ಮೇಲೆ ಸಿಟ್ಟು ಬರುತ್ತದೆ. ಅದರ ಬದಲು, ಈ ಹಕ್ಕಿ ಎಲ್ಲಿಂದ ಬಂತು, ಏನು ತಿನ್ನುತ್ತದೆ ಎಂದು ಹಿಂದಿನ ರಾತ್ರಿಯೇ ಹೇಳಬಹುದು. ದುರ್ಬೀನಿನಲ್ಲಿ ಅದು ಮೀನು ಹಿಡಿಯುವುದನ್ನು ತೋರಿಸಬಹುದು. ಲಡಾಖ್, ಮಧ್ಯ ಏಷ್ಯಾಗಳಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇಳಿಯುತ್ತವೆ ಎಂದರೆ, ಅಜ್ಜಿಯ ಊರಿಗೂ ಹೋಗುತ್ತವೆಯೇ ಎಂದು ಕೇಳುವ ಮಕ್ಕಳು ನಮ್ಮಲ್ಲಿ ಇದ್ದೇ ಇದ್ದಾರೆ.

ಈ ಕಾರ್ತಿಕದಲ್ಲಿ ಹೊರಡುವವರಲ್ಲಿ ನಮ್ಮದೊಂದು ವಿನಂತಿ. ಗಾಂಠಿಯಾ ಪೊಟ್ಟಣ ಬೇಕಾದರೆ ಇರಲಿ, ಅದನ್ನು ಹಸಿಮೆಣಸಿನಕಾಯಿಯೊಡನೆ ನಾವೇ ತಿನ್ನೋಣ. ನಳ ಸರೋವರದ ದೋಣಿಯವರು ಹಿಂಡಿನ ಹತ್ತಿರ ಒಯ್ಯುವುದು ನಾವು ಬಯಸುತ್ತೇವೆಂದೇ, ಹತ್ತಿರ ಹೋದಷ್ಟೂ ಇನಾಮು ಹೆಚ್ಚೆಂಬುದನ್ನು ಅವರಿಗೆ ಕಲಿಸಿದವರು ನಾವೇ. ಹತ್ತುವಾಗಲೇ ಅವರಿಗೆ ಹೇಳಿ: ದೂರದಲ್ಲೇ ನಿಲ್ಲಿಸು ಭಾಯಿ, ಇನಾಮು ಅಷ್ಟೇ ಕೊಡುತ್ತೇವೆ.